ಹೊಗೆಗೆ ಕೊಟ್ಟ ಹಿಕ್ಕೆ

ಹುಲ್ದಾಳ ಹೊಗೆಮನೆಯಲ್ಲಿ ಉರಿ ಎದ್ದದ್ದನ್ನು ಕಂಡವರಿಲ್ಲ. ಉರಿ ಎದ್ದರೆ ಮಾಂಸ ಬೆಂದುಹೋಗುತ್ತದೆ, ಬೇಯಿಸುವುದಕ್ಕೆ ಹೊಗೆಮನೆ ಯಾಕೆ, ಪಾತ್ರೆ ಸಾಲದೇ ಎನ್ನುವುದು ಅವಳ ವಾದ. ಹುಲ್ಲುಹೆಂಟೆಯ ಗೋಡೆ, ಕಡಲಲ್ಲಿ ತೇಲಿಬಂದ ಮರದ ತೊಲೆ, ಮಾಡಿನಲ್ಲಿ ಒಂದು ತೂತು, ಇಷ್ಟೇ ಆ ಹೊಗೆಮನೆ. ನೆಲದ ನಡುವೆ ಒಣಗಿದ ಕುರಿಹಿಕ್ಕೆಯ ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ, ಒಳಗೆ ಒಂದು ಹಿಡಿ ಕೆಂಡ ಇಟ್ಟು, ಮೇಲೆ ಹಸಿ ಹುಲ್ಲು ಮುಚ್ಚಿಬಿಟ್ಟರೆ ಅದು ದಿನಗಟ್ಟಲೆ ಗೊಣಗುತ್ತ ಹೊಗೆಯಾಡುತ್ತಿತ್ತು. ಉಪ್ಪು ಹಿಡಿದ ಕುರಿತೊಡೆಗಳು ತೊಲೆಗೆ ತೂಗಿಕೊಂಡು ವಾರವಾರಕ್ಕೂ ಕಪ್ಪಾಗುತ್ತಿದ್ದವು.

ಡಿಸೆಂಬರ್ ಬಂತೆಂದರೆ ಕಣಿವೆಯ ಅರ್ಧ ಜನರ ಕ್ರಿಸ್ಮಸ್ ಊಟ ಅವಳ ತೊಲೆಗೆ ನೇತಾಡುತ್ತಿತ್ತು. ಯಾರ ತೊಡೆ ಯಾವುದು ಎಂದು ತಿಳಿಯಲು ಒಂದೊಂದಕ್ಕೂ ಒಂದೊಂದು ಬಣ್ಣದ ಉಣ್ಣೆನೂಲು. ಈ ಸಲ ಕೊನೆಯ ಸಾಲಿನಲ್ಲಿ ಟರ್ನಿಪ್ ಗಡ್ಡೆಗಳೂ ತೂಗುತ್ತಿದ್ದವು. ಶಾಲೆಗೆ ಹೊಸದಾಗಿ ಬಂದಿದ್ದ ಟೀಚರಮ್ಮ ಮಾಂಸ ಮುಟ್ಟುವವಳಲ್ಲ, ಹಬ್ಬದ ದಿನ ಬರೀ ಆಲೂಗಡ್ಡೆ ತಿಂದುಕೊಂಡು ಕೂರಬೇಕಲ್ಲ ಪಾಪ ಎಂದು ಹುಲ್ದಾ ತಾನಾಗಿಯೇ ಗಡ್ಡೆಗಳನ್ನು ಸೀಳಿ ಉಪ್ಪುನೀರಲ್ಲಿ ನೆನೆಸಿ ಕಟ್ಟಿದ್ದಳು. ಅವಳ ಗಂಡ ಸ್ತುರ್ಲಾ ಬಾಗಿಲಲ್ಲಿ ಬಗ್ಗಿ ನೋಡಿ ನಕ್ಕಿದ್ದ.

"ಗಡ್ಡೆಗೂ ನೂಲು ಕಟ್ಟಿದೀಯಲ್ಲ ಮಾರಾಯ್ತಿ! ಬರೋ ವರ್ಷ ಅದಕ್ಕೂ ಉಣ್ಣೆ ಬಂದ್ರೆ ಕತ್ತರಿ ಹಿಡ್ಕೊಂಡು ನಾನೇ ಬರ್ತೀನಿ."

"ನಗು, ನಗು. ತಟ್ಟೇಲಿ ಬಿದ್ದಾಗ ಎರಡನೇ ಸಲ ಕೇಳ್ತೀಯಲ್ಲ, ಆಗ ನೋಡ್ಕೋತೀನಿ."

ಅವರು ಹಾಗೆ ನಕ್ಕಿದ್ದು ಸೋಮವಾರ. ಮಂಗಳವಾರ ಪಶುವೈದ್ಯ ಆಸ್ಗೇರ್ ಬಂದ.

ಅವನು ಬರುತ್ತಾನೆಂದು ಅವರಿಗೆ ಗೊತ್ತಿತ್ತು, ಆದರೆ ನಂಬಿರಲಿಲ್ಲ. ಶರತ್ಕಾಲದಲ್ಲಿ ಬೆಟ್ಟದಿಂದ ಕುರಿ ಇಳಿಸಿ ತಂದಾಗ ಒಂದು ಹೆಣ್ಣುಕುರಿ ಕಾಲೆತ್ತಿ ಕುದುರೆಯ ಹಾಗೆ ಹೆಜ್ಜೆ ಹಾಕುತ್ತಿತ್ತು. ಕಂಬಕ್ಕೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಹೋಗಿತ್ತು. ಆಸ್ಗೇರ್ ಬಂದು ಅದರ ಬೆನ್ನಿನ ಬುಡದಲ್ಲಿ ಬೆರಳಿಂದ ಕೆರೆದಾಗ ಅದು ತಲೆ ಎತ್ತಿ, ಕಣ್ಣು ಮೇಲೆ ಮಾಡಿ, ಬಾಯಲ್ಲಿ ಏನೂ ಇಲ್ಲದೆ ತುಟಿ ಲೊಚಗುಟ್ಟತೊಡಗಿತು. ಆ ಸದ್ದು ಕೇಳಿ ಅವನ ಮುಖ ಬಿಳಿಚಿತ್ತು. ಕುರಿಯ ತಲೆಯನ್ನು ಪರೀಕ್ಷೆಗೆ ಒಯ್ದಿದ್ದ.

ಈಗ ಅಡುಗೆಮನೆಯ ಮೇಜಿಗೆ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಫಿ ಮುಟ್ಟದೆ ಹೇಳಿದ.

"ನಡುಕರೋಗ. ಅನುಮಾನ ಇಲ್ಲ. ನಂಗೆ ಹೇಳೋಕೆ ಬಾಯಿ ಬರ್ತಿಲ್ಲ. ಶುಕ್ರವಾರ ಎಲ್ಲಾ ಕುರೀನೂ ಇಳಿಸ್ಬೇಕು."

ಇಳಿಸಬೇಕು ಎಂದರೆ ಏನೆಂದು ಆ ಊರಿನಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಒಂದು ಕುರಿಗೆ ನಡುಕ ಬಂದರೆ ಹಟ್ಟಿಯ ಕುರಿಯನ್ನೆಲ್ಲ ಕೊಂದು ಹೊಂಡಕ್ಕೆ. ಕೊಟ್ಟಿಗೆಯ ಹಲಗೆ, ಗೋದಲಿ, ಹುಲ್ಲು, ಹಿಕ್ಕೆ ಎಲ್ಲವೂ ಬೆಂಕಿಗೆ. ಮದ್ದಿಲ್ಲ, ಕಾಯುವುದೂ ಇಲ್ಲ. ಹಾಗೆ ಮಾಡದೆ ಹೋದ ಕಣಿವೆಗಳಲ್ಲಿ ಇವತ್ತು ಕುರಿಯ ಸದ್ದೇ ಇಲ್ಲ.

"ಹೊಗೆಮನೆ?" ಹುಲ್ದಾ ಕೇಳಿದಳು.

"ಅದೂನೂ. ಒಳಗಿರೋದೂನೂ." ಆಸ್ಗೇರ್ ತಲೆ ಎತ್ತಲಿಲ್ಲ. "ಇನ್ನೊಂದು ಕೇಳ್ಬೇಕು. ಎಲ್ಲಾರ್ನೂ ಕೇಳೋದೇ, ಬೇಜಾರು ಮಾಡ್ಕೋಬೇಡಿ. ಈ ನಾಲ್ಕೈದು ವರ್ಷದಲ್ಲಿ ಇಲ್ಲಿಂದ ಕುರಿಯಾಗ್ಲಿ, ಹುಲ್ಲಾಗ್ಲಿ, ಹಿಕ್ಕೆಯಾಗ್ಲಿ ಬೇರೆ ಕಡೆಗೆ ಏನಾದ್ರೂ ಹೋಗಿದ್ಯಾ? ಮುಖ್ಯವಾಗಿ ತಡೆಬೇಲಿ ಆಚೆಗೆ?"

"ಬೇಲಿ ಆಚೆಗಾ? ನಮಗೇನು ತಲೆಕೆಟ್ಟಿದ್ಯಾ? ಒಂದು ಕಡ್ಡೀನೂ ಹೋಗಿಲ್ಲ," ಎಂದ ಸ್ತುರ್ಲಾ. ಅವನು ನಿಜವನ್ನೇ ಹೇಳಿದ. ಅವನಿಗೆ ಗೊತ್ತಿದ್ದ ನಿಜ ಅಷ್ಟೇ.

ಹುಲ್ದಾ ಕಾಫಿ ಕೆಟಲಿನ ಹಿಡಿ ಹಿಡಿದುಕೊಂಡೇ ನಿಂತಿದ್ದಳು. ಅದು ಕೈ ಸುಡುತ್ತಿದೆಯೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ರೋಗ ಕಣಿವೆಯಿಂದ ಕಣಿವೆಗೆ ದಾಟದಿರಲೆಂದು ಹಾಕಿದ ಆ ಬೇಲಿಯ ಆಚೆ, ಗುಡ್ಡ ದಾಟಿದರೆ ಪಕ್ಕದ ಕಣಿವೆಯಲ್ಲಿ ಸಿಗುವ ಬಕ್ಕಿ ಎಂಬ ಹಟ್ಟಿಯಲ್ಲಿ ಅವಳ ತಂಗಿ ಸಿಗ್ನಿ ಇದ್ದಳು. ಸಿಗ್ನಿಯ ಗಂಡ ಇಂಗ್ವಿ ಎಲ್ಲದರಲ್ಲೂ ಹೊಸತನ ಬಯಸುವ ಮನುಷ್ಯ. ಕೆಲವು ವರ್ಷಗಳ ಹಿಂದೆ ಹಳೆಯ ಕೊಟ್ಟಿಗೆ ಕೆಡವಿ, ಸಂದುಬಿಟ್ಟ ಹಲಗೆಯ ನೆಲದ ಹೊಸ ಕೊಟ್ಟಿಗೆ ಕಟ್ಟಿಸಿದ. ಹಿಕ್ಕೆ ಸಂದಿನಿಂದ ಕೆಳಗಿನ ಗುಂಡಿಗೆ ಬೀಳುತ್ತದೆ, ಕುರಿಯ ಕಾಲು ಒಣಗಿರುತ್ತದೆ, ಗುಡಿಸುವ ಕೆಲಸವಿಲ್ಲ. ಎಲ್ಲ ಸೊಗಸು. ಆದರೆ ಹೊಗೆಗೆ ಬೇಕಾದ ಹೆಂಟೆ ಮಾತ್ರ ಅಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟಬೇಕಾದರೆ ಮಣ್ಣಿನ ನೆಲ ಬೇಕು. ಚಳಿಗಾಲವಿಡೀ ಕುರಿಗಳು ತಮ್ಮ ಹಿಕ್ಕೆಯನ್ನು ತಾವೇ ತುಳಿದು ತುಳಿದು ಗಟ್ಟಿ ಮಾಡಬೇಕು. ವಸಂತದಲ್ಲಿ ಅದನ್ನು ಗುದ್ದಲಿಯಿಂದ ಇಟ್ಟಿಗೆಯ ಹಾಗೆ ಕಡಿದು, ಸೀಳಿ, ಬಿಸಿಲುಗಾಳಿಗೆ ನಿಲ್ಲಿಸಬೇಕು. ಇಂಗ್ವಿಯ ಗುಂಡಿಯಲ್ಲಿದ್ದದ್ದು ಗಂಜಿ.

ಹೊಸ ಕೊಟ್ಟಿಗೆಯ ಮೊದಲ ವರ್ಷ ಸಿಗ್ನಿ ಮರದ ಪುಡಿ ಹಾಕಿ ತೊಡೆಗಳಿಗೆ ಹೊಗೆ ಕೊಟ್ಟಳು. ಕ್ರಿಸ್ಮಸ್ ಮಾರನೆಯ ದಿನ ಫೋನ್ ಮಾಡಿ ಅತ್ತೇಬಿಟ್ಟಳು. "ಅಕ್ಕಾ, ಔಷಧಿ ಅಂಗಡಿ ನೆಕ್ಕಿದ ಹಾಗಿದೆ ಕಣೇ. ಅಮ್ಮ ಇದ್ದಿದ್ರೆ ತಟ್ಟೆ ಎತ್ತಿ ನಾಯಿಗೆ ಹಾಕ್ತಿದ್ಳು."

ಮುಂದಿನ ವಸಂತದಿಂದ ಪ್ರತಿ ವರ್ಷ ಹುಲ್ದಾ ಜೀಪಿನ ಹಿಂದೆ ಹೆಂಟೆ ತುಂಬಿ, ಮೇಲೆ ಕಂಬಳಿ ಹೊದಿಸಿ, ಬೇಲಿ ದಾಟಿಸಿ ತಂಗಿಗೆ ಕೊಟ್ಟುಬರುತ್ತಿದ್ದಳು. ಗೊಬ್ಬರ ದಾಟಿಸಬಾರದು ಎಂಬ ಕಾನೂನು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ದಾಟಿಸಿದ್ದರೆ ಅವಳೇ ಉಗಿಯುತ್ತಿದ್ದಳು. ಆದರೆ ಹೊಲಕ್ಕೆ ಹೋದರೆ ಗೊಬ್ಬರ, ಹೊಗೆಗೆ ಹೋದರೆ ಅದು ಮಸಾಲೆ. ಆ ಊರಿನ ಯಾವ ಹೆಂಗಸನ್ನು ಕೇಳಿ, ಹಾಗೆಯೇ ಹೇಳುತ್ತಾಳೆ. ಸುಟ್ಟು ಬೂದಿಯಾಗುವ ವಸ್ತುವಿನಲ್ಲಿ ಯಾವ ರೋಗ ಉಳಿದೀತು? ಹೀಗೆ ಯೋಚಿಸಿದ್ದಳು. ಯೋಚಿಸಿದ್ದಳು ಎಂದರೂ ತಪ್ಪು, ಯೋಚನೆಯೇ ಬಂದಿರಲಿಲ್ಲ. ತಂಗಿಗೆ ಉಪ್ಪಿನಕಾಯಿ ಭರಣಿ ಕಳಿಸುವ ಹಾಗೆ ಕಳಿಸಿದ್ದಳು.

ಸಿಗ್ನಿ ಎಲ್ಲವನ್ನೂ ಸುಟ್ಟುಬಿಟ್ಟಿದ್ದರೆ ಸರಿ. ಬೂದಿ ಬೂದಿಯೇ. ಆಗ ಆಸ್ಗೇರನಿಗೆ ಹೇಳಲು ಏನೂ ಇರುವುದಿಲ್ಲ. ಬುಧವಾರ ಬೆಳಗಾಗುತ್ತಲೇ, ತಂಗಿಗೆ ಸುದ್ದಿ ಹೇಳಿಬರುತ್ತೇನೆಂದು ಸ್ತುರ್ಲಾನಿಗೆ ಹೇಳಿ, ಒಗೆದ ಬಟ್ಟೆ, ತೊಳೆದ ಬೂಟು ಹಾಕಿಕೊಂಡು ಜೀಪು ಹತ್ತಿದಳು. ದೇವರೇ, ಎಲ್ಲ ಸುಟ್ಟಿರಲಿ, ಒಂದು ಚೂರೂ ಉಳಿದಿರದಿರಲಿ ಎಂದು ಗುಡ್ಡ ಏರುವವರೆಗೂ ಬಾಯಲ್ಲಿ ಅದೇ ಒಂದು ಮಾತು. ಹುಲ್ದಾ ಇಗರ್ಜಿಗೆ ಹೋಗುವುದು ಹೆಚ್ಚಾಗಿ ಹಾಡು ಕೇಳುವುದಕ್ಕೆ. ಆವತ್ತು ಮಾತ್ರ ನಿಜವಾಗಿ ಬೇಡಿದಳು.

ಸಿಗ್ನಿ ಕೊಟ್ಟಿಗೆಯಲ್ಲೇ ಸಿಕ್ಕಳು. ಮೈಯೆಲ್ಲ ಹುಲ್ಲು, ಮುಖದ ತುಂಬ ನಗು.

"ಏನಕ್ಕಾ, ಇಷ್ಟು ಬೆಳಗ್ಗೆ! ನಿನ್ನ ಗಂಡ ಓಡಿಸಿದ್ನಾ?"

"ಹೆಂಟೆ ಎಲ್ಲಿ?" ಹುಲ್ದಾ ಬಾಗಿಲಿನಿಂದಲೇ ಕೇಳಿದಳು.

"ಯಾವ ಹೆಂಟೆ?"

"ನಾನು ಕೊಟ್ಟಿದ್ದು. ಎಲ್ಲಾ ಸುಟ್ಟಾಯ್ತಾ?"

"ಹೊಗೆಮನೆ ಸೋರುತ್ತೆ ಮಾರಾಯ್ತಿ, ಅಲ್ಲಿಟ್ರೆ ಒದ್ದೆಯಾಗುತ್ತೆ ಅಂತ ಇಲ್ಲೇ ಒಟ್ಟಿದೀವಿ. ನೋಡು ಅಲ್ಲಿ."

ಹುಲ್ದಾ ನೋಡಿದಳು. ಕೊಟ್ಟಿಗೆಯ ಕೊನೆಯಲ್ಲಿ, ಮರಿಗಳ ದೊಡ್ಡಿಯೊಳಗೆ, ಗೋಡೆಗೆ ಒರಗಿಸಿ ಒಟ್ಟಿದ ತನ್ನ ಹೆಂಟೆಗಳು. ಅದರ ಮೇಲೆ ಎರಡು ಮರಿ ಹತ್ತಿ ನಿಂತಿದ್ದವು. ಇನ್ನೊಂದು ಮೂಲೆಯನ್ನು ಕಚ್ಚಿ ಕಚ್ಚಿ ಜಗಿಯುತ್ತಿತ್ತು. ಕೆಳಸಾಲಿನ ಹೆಂಟೆಗಳ ಅಂಚು ನೆಕ್ಕಿ ನೆಕ್ಕಿ ನುಣುಪಾಗಿತ್ತು.

"ಅದರ ಮೇಲೆ ಎಷ್ಟು ಆಸೆ ಅಂತೀಯ! ಪ್ರತಿ ವರ್ಷಾನೂ ಅಷ್ಟೇ, ಅರ್ಧ ಮರಿಗಳ ಹೊಟ್ಟೆಗೆ, ಅರ್ಧ ಹೊಗೆಗೆ," ಎಂದು ಸಿಗ್ನಿ ನಕ್ಕಳು.

ಹುಲ್ದಾ ಪಕ್ಕದ ಕುರಿದೊಡ್ಡಿಗೆ ಇಳಿದಳು. ಕೈಗೆ ಸಿಕ್ಕ ಕುರಿಯ ಬೆನ್ನಿನ ಬುಡಕ್ಕೆ ಬೆರಳು ಹಾಕಿ ಕೆರೆದಳು. ಅದು ತಪ್ಪಿಸಿಕೊಂಡು ಓಡಿತು. ಇನ್ನೊಂದು. ಅದೂ ಓಡಿತು. ಹುಚ್ಚು ಹಿಡಿದವಳ ಹಾಗೆ ಒಂದೊಂದನ್ನೇ ಮೊಣಕಾಲಲ್ಲಿ ಅದುಮಿ ಹಿಡಿದು ಕೆರೆಯುತ್ತ ಹೋದಳು. ಬೂದುಬಣ್ಣದ, ಮೂರು ವರ್ಷದ ಒಂದು ಹೆಣ್ಣುಕುರಿ ಮಾತ್ರ ಓಡಲಿಲ್ಲ. ನಿಂತಿತು. ತಲೆಯನ್ನು ಮೆಲ್ಲಗೆ ಮೇಲೆತ್ತಿತು. ತುಟಿಗಳು ಅದುರಿ, ಗಾಳಿಯನ್ನೇ ಮೇಯುವ ಹಾಗೆ ಲೊಚಗುಟ್ಟಿದವು.

"ಅವಳಿಗೆ ಕೆರೆಸ್ಕೊಳೋದಂದ್ರೆ ಪ್ರಾಣ," ಎಂದಳು ಸಿಗ್ನಿ. "ಬೆಕ್ಕಿನ ಜಾತಿ. ಏನಾಯ್ತಕ್ಕಾ? ಯಾಕೆ ಅಳ್ತಿದೀಯ?"

ಆಗ ಹುಲ್ದಾ ಹೇಳಿದಳು. ಒಂದೇ ಉಸಿರಿಗೆ ಹೇಳಿದಳು: ನಡುಕರೋಗ, ಶುಕ್ರವಾರ, ಆಸ್ಗೇರನ ಪ್ರಶ್ನೆ, ಸ್ತುರ್ಲಾನ ಉತ್ತರ. ಹೇಳುತ್ತ ಹೇಳುತ್ತ ಕುರಿಯ ಬೆನ್ನಿನ ಮೇಲಿಂದ ಕೈ ತೆಗೆಯುವುದನ್ನೇ ಮರೆತಳು. ಕುರಿ ತುಟಿ ಆಡಿಸುತ್ತಲೇ ಇತ್ತು.

ಸಿಗ್ನಿ ಗೋದಲಿಯ ಅಂಚಿಗೆ ಕೂತಳು. ಆಮೇಲೆ ಕೇಳಿದಳು, "ಯಾರಿಗೆ ಗೊತ್ತು ನೀನು ಕೊಟ್ಟಿದ್ದು?"

"ನನಗೆ, ನಿನಗೆ, ಇಂಗ್ವಿಗೆ."

"ಹಂಗಿದ್ರೆ ಯಾರಿಗೂ ಗೊತ್ತಿಲ್ಲ." ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಇವತ್ತೇ ಎಲ್ಲಾ ಹೆಂಟೆ ಸುಟ್ಟುಹಾಕ್ತೀನಿ. ನೆಲ ತೊಳೀತೀನಿ. ಸುಣ್ಣ ಬಳೀತೀನಿ. ನೀನು ಬಾಯ್ಬಿಡ್ಬೇಡ ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

"ಈ ಕುರೀನ ನೋಡೇ ಸಿಗ್ನಿ."

"ಅದಕ್ಕೇನೂ ಆಗಿಲ್ಲ! ಅದು ಹುಟ್ಟಿದಾಗಿಂದ ಹಂಗೇ!"

ಹಾಗೂ ಇರಬಹುದು. ಅದೇ ಇದ್ದ ಕಷ್ಟ. ಕೆರೆತದ ಸುಖಕ್ಕೆ ತುಟಿ ಆಡಿಸುವ ಆರೋಗ್ಯವಂತ ಕುರಿಗಳೂ ಉಂಟು, ಹುಲ್ದಾ ಸಾಕಷ್ಟು ನೋಡಿದ್ದಾಳೆ. ಆದರೆ ಹೀಗೆ ಕಣ್ಣು ಮೇಲೆ ಮಾಡಿ, ಎದುರಿಗಿದ್ದವರನ್ನು ಕಾಣದೆ ನಿಲ್ಲುವ ಕುರಿಯನ್ನು ಅವಳು ಒಂದೇ ಸಲ ನೋಡಿದ್ದಳು. ಅದರ ತಲೆ ಪರೀಕ್ಷೆಗೆ ಹೋಗಿತ್ತು.

"ಬೇಸಿಗೇಲಿ ನಿನ್ನ ಕುರಿ ಎಲ್ಲಿ ಮೇಯುತ್ವೆ?" ಹುಲ್ದಾ ಮೆಲ್ಲಗೆ ಕೇಳಿದಳು. "ಈ ಕಡೆ ಬೆಟ್ಟದ ಮೇಲೆ, ಎಲ್ಲಾರ ಕುರಿ ಜತೇಲಿ ತಾನೇ? ಈ ಕಣಿವೇಲಿ ಇನ್ನೂ ಯಾರಿಗೂ ಬಂದಿಲ್ಲ ಸಿಗ್ನಿ."

ಸಿಗ್ನಿ ಕೈ ಬಿಟ್ಟಳು. ಅವಳ ಮುಖ ಗಟ್ಟಿಯಾಯಿತು. "ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ. ನಿಂದು ಹೋಯ್ತು ಅಂತ ನಂದೂ ಹೋಗ್ಬೇಕಾ? ಚಿಕ್ಕೋರಿದ್ದಾಗ್ಲೂ ನೀನು ಹಿಂಗೇ. ನಿನ್ನ ಗೊಂಬೆ ಒಡೆದ್ರೆ ನನ್ನ ಗೊಂಬೇನೂ ನೀರಿಗೆ ಬೀಳ್ಬೇಕು. ಇವು ಅಮ್ಮನ ಕುರಿ ತಳಿ ಅಕ್ಕಾ. ನಿಂದು ಹೋದ್ಮೇಲೆ ಪ್ರಪಂಚದಲ್ಲಿ ಉಳಿಯೋದು ಇವಷ್ಟೇ. ಇವನ್ನೂ ಹೊಂಡಕ್ಕೆ ಹಾಕಿಸ್ತೀಯಾ? ಆ ನಾಲಿಗೆ ಹೆಂಗೆ ತಿರುಗುತ್ತೆ ನಿಂಗೆ?"

ಹುಲ್ದಾ ಜೀಪು ಹತ್ತಿ ಹೊರಟಳು. ಜೀಪಿನ ಕನ್ನಡಿಯಲ್ಲಿ ತಂಗಿ ಹೆಂಟೆಗಳನ್ನು ಎದೆಗೆ ಅವುಚಿಕೊಂಡು ಹಿತ್ತಲಿಗೆ ಓಡುತ್ತಿರುವುದು ಕಂಡಿತು.

ಮನೆಗೆ ಬಂದು ಸ್ತುರ್ಲಾನಿಗೆ ಹೇಳಿದಳು. ಅವನು ಬೈಯುತ್ತಾನೆ, ಮೇಜು ಗುದ್ದುತ್ತಾನೆ ಎಂದುಕೊಂಡಿದ್ದಳು. ಅವನು ತನ್ನ ದೊಡ್ಡ ಅಂಗೈಗಳನ್ನು ಮೇಜಿನ ಮೇಲೆ ಚಾಚಿ ಅವುಗಳನ್ನೇ ನೋಡುತ್ತ ಕೂತ.

"ಬಾಯ್ಮುಚ್ಕೊಂಡಿರು," ಎಂದ ಕೊನೆಗೆ. "ನಮ್ದಂತೂ ಮುಗೀತು. ಅವಳದ್ದಾದ್ರೂ ಉಳೀಲಿ. ರೋಗ ಇದ್ರೆ ತಾನಾಗೇ ಹೊರಗೆ ಬರುತ್ತೆ. ಬೆಂಕಿ ಇದ್ದಲ್ಲಿ ಹೊಗೆ ಆಡ್ದೆ ಇರುತ್ತಾ?"

"ಬರೋಷ್ಟರಲ್ಲಿ ಎಷ್ಟು ಹಟ್ಟಿಗೆ ಹೋಗಿರುತ್ತೆ?"

"ಅದು ದೇವರ ಕೆಲಸ, ನಿಂದಲ್ಲ."

"ಹೆಂಟೆ ದಾಟಿಸಿದ್ದು ದೇವರಲ್ಲ. ನಾನು."

ಅವನು ಎದ್ದು ಕುರಿಗಳ ಕಡೆ ಹೋದ. ಗುರುವಾರವಿಡೀ ಹುಲ್ದಾಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು, ಉಗುಳಲಾರದು, ನುಂಗಲಾರದು. ಕಾಲು ತಾನಾಗಿ ಹೊಗೆಮನೆಗೆ ಎಳೆದುಕೊಂಡು ಹೋಯಿತು. ಹೊಗೆ ಸಣ್ಣಗಾಗಿತ್ತು. ಎರಡು ಹೆಂಟೆ ಸೇರಿಸಿದಳು, ಹಸಿ ಹುಲ್ಲು ಒತ್ತಿದಳು, ಕೆಳಗಿನ ತೊಡೆಗಳನ್ನು ಮೇಲಕ್ಕೂ ಮೇಲಿನವನ್ನು ಕೆಳಕ್ಕೂ ಬದಲಾಯಿಸಿದಳು. ನಾಳೆ ಇದೆಲ್ಲ ಸುಟ್ಟುಹೋಗುವುದು. ಆದರೂ ಒಂದು ತೊಡೆಯ ನೂಲು ಸಡಿಲವಾದದ್ದು ಕಂಡು ಬಿಚ್ಚಿ ಮತ್ತೆ ಗಟ್ಟಿಯಾಗಿ ಕಟ್ಟಿದಳು. ಟೀಚರಮ್ಮನ ಗಡ್ಡೆಯೊಂದನ್ನು ಕೊಯ್ದು ಬಾಯಿಗಿಟ್ಟಳು. ಚೆನ್ನಾಗಿತ್ತು. ಇಷ್ಟು ಚೆನ್ನಾಗಿದೆಯಲ್ಲ ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ಶುಕ್ರವಾರ ಹೊಂಡ ತೋಡುವ ಯಂತ್ರ ಬಂತು. ಬಂದೂಕಿನವರು ಬಂದರು. ಕುರಿಗಳು ಸ್ತುರ್ಲಾನನ್ನು ನಂಬಿ ಅವನ ಹಿಂದೆಯೇ ನಡೆದು ಬಂದವು. ಆ ಬೆಳಿಗ್ಗೆಯ ವಿಷಯ ಇಷ್ಟು ಸಾಕು. ಎಲ್ಲ ಮುಗಿದ ಮೇಲೆ ಹಟ್ಟಿಯಲ್ಲಿ ಹುಟ್ಟಿದ ನಿಶ್ಶಬ್ದಕ್ಕೆ ನಾಯಿ ಹೆದರಿ ಜೀಪಿನ ಕೆಳಗೆ ಸೇರಿಕೊಂಡಿತು.

ಆಸ್ಗೇರ್ ಅಡುಗೆಮನೆಗೆ ಬಂದು ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ. ಸ್ತುರ್ಲಾ ಹೊರಗೆ ಹೊಂಡದ ಬಳಿಯೇ ಇದ್ದ.

"ಆಸ್ಗೇರ್," ಎಂದಳು ಹುಲ್ದಾ. ಧ್ವನಿ ತನ್ನದಲ್ಲ ಎನ್ನಿಸಿತು. "ಮಂಗಳವಾರ ನೀನು ಕೇಳಿದ್ದಕ್ಕೆ ಸ್ತುರ್ಲಾ ಇಲ್ಲ ಅಂದ. ಅವನಿಗೆ ಗೊತ್ತಿರಲಿಲ್ಲ. ಹೆಂಟೆ ಬೇಲಿ ದಾಟಿದೆ. ನಾನೇ ದಾಟಿಸಿದೆ, ನಾಲ್ಕು ವರ್ಷದಿಂದ. ಬಕ್ಕಿಗೆ. ನನ್ನ ತಂಗಿಗೆ."

ಅವನು ತಿರುಗಿ ಅವಳನ್ನು ನೋಡಿದ. ಗಾಬರಿಯಾಗಲಿ ಕೋಪವಾಗಲಿ ಆ ಮುಖದಲ್ಲಿರಲಿಲ್ಲ. ಕಾಯಿಲೆಯವರನ್ನು ನೋಡುವ ಹಾಗೆ ಮರುಕದಿಂದ ನೋಡಿದ.

"ಕೂತ್ಕೊಳ್ಳಿ ಹುಲ್ದಾ," ಎಂದ. "ಬಿಸಿಯಾಗಿ ಏನಾದ್ರೂ ಕುಡೀರಿ. ಸಿಗ್ನಿ ಬೆಳಗ್ಗೆ ಫೋನ್ ಮಾಡಿದ್ರು."

"ಸಿಗ್ನಿಯಾ?"

"ನಿಮ್ಮ ಬಗ್ಗೆ ಅವರಿಗೆ ತುಂಬಾ ಚಿಂತೆ. ಮೊನ್ನೆ ಬಂದು ಏನೇನೋ ಮಾತಾಡಿದ್ರಂತೆ, ಒಂದೊಂದೇ ಕುರಿ ಹಿಡಿದು ಕೆರೆದ್ರಂತೆ, ತಾನೇ ಎಲ್ಲಾ ಕಡೆ ರೋಗ ಹರಡಿದೀನಿ ಅಂತ ಅತ್ರಂತೆ. ಅಕ್ಕನಿಗೆ ದುಃಖದಲ್ಲಿ ತಲೆ ಓಡ್ತಿಲ್ಲ, ಏನಾದ್ರೂ ಹೇಳಿದ್ರೆ ಮನಸ್ಸಿಗೆ ಹಚ್ಕೋಬೇಡಿ ಅಂದ್ರು." ಅವನು ಕುರ್ಚಿ ಎಳೆದು ಅವಳ ಎದುರು ಕೂತ. "ಇದು ಎಲ್ಲಾರಿಗೂ ಆಗುತ್ತೆ. ಕುರಿ ಹೋದ ದಿನ ಜನ ತಪ್ಪೆಲ್ಲಾ ತಮ್ಮ ಮೇಲೇ ಎಳ್ಕೊಳ್ತಾರೆ. ನಮ್ಮಪ್ಪಾನೂ ಹಂಗೇ ಮಾಡಿದ್ರು."

ಹುಲ್ದಾಳ ಒಳಗೆ ಏನೋ ಹಗುರಾಯಿತು. ಹಗುರಾಯಿತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳು ಹೇಳಿಯಾಗಿತ್ತು, ಅವನು ನಂಬಲಿಲ್ಲ, ಇನ್ನು ತನ್ನ ಮೇಲೆ ಯಾವ ಹೊರೆಯೂ ಇಲ್ಲ. ಹೌದು ಆಸ್ಗೇರ್, ತಲೆ ಸರಿಯಿಲ್ಲ ಎಂದು ಮಲಗಿಬಿಟ್ಟರೆ ಸಿಗ್ನಿಯ ಕುರಿಗಳು ಉಳಿಯುತ್ತವೆ. ತಂಗಿ ಅಕ್ಕನಿಗೆ ಹುಚ್ಚಿಯ ಪಟ್ಟ ಕಟ್ಟಿ ಹೊರಬರಲು ಒಂದು ಬಾಗಿಲು ತೆರೆದಿಟ್ಟಿದ್ದಳು. ಹುಲ್ದಾಗೆ ಸಿಟ್ಟು ಬರಲಿಲ್ಲ. ಎಂಥಾ ಜಾಣೆ ನನ್ನ ತಂಗಿ ಎಂದುಕೊಂಡಳು. ಆ ಬಾಗಿಲ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತೂ ನಿಂತಳು. ಆಗ ಆ ಬೂದು ಕುರಿಯ ಕಣ್ಣು ನೆನಪಾಯಿತು. ಮುಚ್ಚಿಟ್ಟರೆ ಉಳಿಯುವುದು ಕುರಿಯಲ್ಲ, ರೋಗ. ಕುರಿಗಳು ಸಾಯುವುದನ್ನು ಸಿಗ್ನಿ ಒಂದೊಂದಾಗಿ ನೋಡುತ್ತಾಳೆ, ವರ್ಷಗಟ್ಟಲೆ, ಮತ್ತೆ ಪಕ್ಕದ ಹಟ್ಟಿಯವರು, ಅವರ ಪಕ್ಕದವರು.

"ಹೋದ ಕ್ರಿಸ್ಮಸ್ಸಲ್ಲಿ ನೀನು ಬಕ್ಕಿಯಲ್ಲಿ ಊಟ ಮಾಡಿದ್ಯಲ್ಲ," ಎಂದಳು.

"ಮಾಡಿದ್ದೆ. ಹಿಮ ಬಿದ್ದು ದಾರಿ ಕಟ್ಟಿತ್ತು, ಉಳಿಸ್ಕೊಂಡ್ರು."

"ಮಾಂಸ ಹೆಂಗಿತ್ತು?"

"ಯಾಕೆ ಈಗ..." ಎಂದವನು ಅವಳ ಮುಖ ನೋಡಿ ಉತ್ತರಿಸಿದ. "ತುಂಬಾ ಚೆನ್ನಾಗಿತ್ತು. ನಮ್ಮಜ್ಜಿ ಮನೇದರ ಹಾಗೆ. ಮೂರು ಸಲ ಹಾಕಿಸ್ಕೊಂಡೆ."

"ಅವರ ಕೊಟ್ಟಿಗೆ ನೆಲ ಎಂಥದು?"

ಆಸ್ಗೇರ್ ಬಾಯಿ ತೆರೆದ. ಆ ನೆಲ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಲ್ಲಿ ಪ್ರತಿ ವಸಂತದಲ್ಲೂ ಮರಿ ಹಾಕಿಸಲು ಮೊಣಕಾಲೂರಿದ್ದ. ಅವನೂ ಕುರಿಹಟ್ಟಿಯಲ್ಲಿ ಹುಟ್ಟಿದವನು, ಹೆಂಟೆಯ ಹೊಗೆಯನ್ನು ಮರದ ಹೊಗೆ ಎಂದುಕೊಳ್ಳುವ ನಾಲಿಗೆ ಅವನದಲ್ಲ. ತೆರೆದ ಬಾಯಿ ಮೆಲ್ಲನೆ ಮುಚ್ಚಿತು.

"ಅಯ್ಯೋ ಹುಲ್ದಾ," ಎಂದ.

"ಮರಿಗಳ ದೊಡ್ಡೀಲಿ ಒಟ್ಟಿದ್ರು. ಮೂರು ವರ್ಷದ ಬೂದು ಕುರೀನ ಮೊದ್ಲು ನೋಡು."

ಅವನು ಎದ್ದು ಕೋಟಿಗೆ ಕೈ ಹಾಕಿದ. ಅವಳು ಅವನ ತೋಳು ಹಿಡಿದುಕೊಂಡಳು. ಜೀವನದಲ್ಲಿ ಯಾರ ಎದುರೂ ಹಲ್ಲುಗಿಂಜಿದವಳಲ್ಲ. "ನಾನು ಮೊದ್ಲು ಹೋಗ್ತೀನಪ್ಪ. ನಿನ್ನ ಜೀಪು ಅಂಗಳಕ್ಕೆ ಬರೋಕ್ಕಿಂತ ಮುಂಚೆ ನನ್ನ ಬಾಯಿಂದ ಅವಳು ಕೇಳ್ಲಿ. ಇಷ್ಟು ನಡೆಸ್ಕೊಡು."

ಆಸ್ಗೇರ್ ಹೊರಗಿನ ಬೆಳಕು ನೋಡಿದ, ಮತ್ತೆ ಕುರ್ಚಿಯಲ್ಲಿ ಕೂತ. "ನಾನಿನ್ನೂ ಕಾಫಿ ಕುಡಿದಿಲ್ಲ," ಎಂದ.

ಗುಡ್ಡ ದಾಟುವಾಗ ಕತ್ತಲಾಗುತ್ತ ಬಂದಿತ್ತು, ಆ ಸೀಮೆಯ ಡಿಸೆಂಬರ್ ಮಧ್ಯಾಹ್ನಕ್ಕೆ ಅಷ್ಟೇ ಆಯುಸ್ಸು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಆ ಕುರಿ ನಿಜವಾಗಿ ಕಾಯಿಲೆಯದು ಎನ್ನಬೇಕು. ಪಕ್ಕದ ಹಟ್ಟಿಗಳ ಹೆಸರು ಹೇಳಬೇಕು. ಮಾಫಿ ಕೇಳಬೇಕು, ಹೆಂಟೆ ಕೊಟ್ಟದ್ದಕ್ಕೋ, ಹೇಳಿದ್ದಕ್ಕೋ? ಯಾವುದಕ್ಕೆ ಮೊದಲು ಎಂದು ಗೊತ್ತಾಗಲಿಲ್ಲ.

ಜೀಪಿನ ಸದ್ದಿಗೆ ಸಿಗ್ನಿ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದಳು. ಹಿಂದೆ ಲೈಟು ಉರಿಯುತ್ತಿತ್ತು, ಮುಖ ಕಾಣಲಿಲ್ಲ. ಹುಲ್ದಾ ಇಳಿದು ಹತ್ತಿರ ಹೋದಳು.

"ನಂಬಿದ್ನಾ?" ಸಿಗ್ನಿಯೇ ಕೇಳಿದಳು.

"ನಂಬಿದ."

ಸಿಗ್ನಿ ತಲೆಯಾಡಿಸಿದಳು. ಕೂಗುತ್ತಾಳೆ, ಹೊಡೆಯುತ್ತಾಳೆ ಎಂದು ಹುಲ್ದಾ ಕಾದಳು. ಹೊಡೆಯಲಿ ಎಂದು ಆಸೆಪಟ್ಟಳು. ಸಿಗ್ನಿ ಸುಮ್ಮನೆ ಒಳಗೆ ತಿರುಗಿ, ಅಟ್ಟದ ಏಣಿ ಹತ್ತಿದಳು. ಮೇಲಿನಿಂದ ಹುಲ್ಲಿನ ಕಟ್ಟುಗಳನ್ನು ಒಂದರ ಹಿಂದೆ ಒಂದು ಕೆಳಗೆ ನೂಕತೊಡಗಿದಳು. ಹುಲ್ದಾ ವಾಸನೆಯಿಂದಲೇ ಗುರುತಿಸಿದಳು: ಅದು ಮೊದಲ ಕೊಯ್ಲಿನ ಹುಲ್ಲು, ಹಸಿರು ಮಾಸದ್ದು, ಮರಿ ಹಾಕುವ ಕಾಲಕ್ಕೆಂದು ಪ್ರತಿ ಹಟ್ಟಿಯಲ್ಲೂ ಎತ್ತಿಡುವಂಥದು. ಡಿಸೆಂಬರಿನಲ್ಲಿ ಅದನ್ನು ಮುಟ್ಟುವವರು ಯಾರೂ ಇಲ್ಲ.

"ಸಿಗ್ನಿ, ಅದು ವಸಂತಕ್ಕೆ..." ಎಂದು ಹುಲ್ದಾಳ ಬಾಯಿ ತಾನಾಗಿ ಅಂದುಬಿಟ್ಟಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಸಿಗ್ನಿ ಏಣಿ ಇಳಿದು, ಕಟ್ಟು ಬಿಚ್ಚಿ, ತೋಳು ತುಂಬ ತುಂಬ ಎತ್ತಿ ಗೋದಲಿಗೆ ಸುರಿದಳು. ಕುರಿಗಳು ಮೊದಲು ನಂಬಲಿಲ್ಲ. ಆಮೇಲೆ ಒಂದರ ಮೇಲೊಂದು ಬಿದ್ದು ನುಗ್ಗಿದವು. ಬೂದು ಕುರಿಯೂ ನಡುವೆ ತಲೆ ತೂರಿಸಿತು. ಹುಲ್ದಾ ಮುಂದೆ ಬಂದು ಬಗ್ಗಿ ಒಂದು ಕಟ್ಟಿಗೆ ಕೈ ಚಾಚಿದಳು.

"ನೀನು ಮುಟ್ಬೇಡ," ಎಂದಳು ಸಿಗ್ನಿ.

ಹುಲ್ದಾ ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲ ಬಳಿ ನಿಂತಳು. ಕೊಟ್ಟಿಗೆ ತುಂಬ ಹುಲ್ಲು ಜಗಿಯುವ ಸದ್ದು ಏಳುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಆಸ್ಗೇರನ ಜೀಪಿನ ದೀಪ ಕಾಣಿಸಿತು. ಸಿಗ್ನಿ ಆ ಕಡೆ ನೋಡದೆ ಇನ್ನೊಂದು ಕಟ್ಟು ಬಿಚ್ಚಿದಳು.